ಚಾವಡಿ ಗೋಡೆಯ ಸೊನ್ನೆಗಳು

"ಏ ಖಂಡ್ಯಾ, ಸೂಳಿಮಗನ! ನಲವತ್ತೇಳಂತ ಬರದಿಯಲ್ಲ, ಯಾರ್ ಹೇಳ್ಯಾರಲೇ? ಅಳಸು!"

ಕಂದಾಯ ಇಲಾಖೆಯ ಗಿರದಾವರ ಕೆಳಗೆ ನಿಂತು ಕೊಡೆಯ ತುದಿಯಿಂದ ನನ್ನ ಕಾಲಿಗೆ ತಿವಿದ. ನಾನು ಏಣಿಯ ಮೇಲಿದ್ದೆ. ಬಂಡಿಗಳಿಗೆ ನಂಬರು ಬರೆಯುವ ಕೈ ನನ್ನದು. ನಿಜಾಮನ ಆಳ್ವಿಕೆ ಹೋದ ಮೇಲೆ ಮೊದಲ ಸಲ ಕಲೆಕ್ಟರು ಬರುವವರಿದ್ದರು. ಚಾವಡಿ ಗೋಡೆಯ ಮೇಲೆ ಓಣಿಗೊಂದು ಸಾಲು ಬರೆಯಬೇಕಿತ್ತು: ಜನ ಎಷ್ಟು, ಬಾವಿ ಎಷ್ಟು. ಅದನ್ನು ನೋಡಿಯೇ ಹೊಸ ಬಾವಿ ಮಂಜೂರು. ನಮ್ಮ ಕೇರಿಗೆ ಬಾವಿಯಿಲ್ಲ. ಹಳ್ಳದ ಉಸುಕು ತೋಡಿ ಕುಡಿಯುತ್ತಿದ್ದೆವು.

"ನಲವತ್ತೇಳು ಮಂದಿ ಅದೀವ್ರಿ ಸಾಹೇಬ್ರ."

"ದೊಡ್ಡ ಸಾಹೇಬ್ರು ಜೀಪಿನಾಗ ಕುಂತು ನೋಡೋರು. ಚಿಲ್ಲರ ಅಂಕಿ ಕಣ್ಣಿಗಿ ಚುಚ್ಚತಾವ. ಎಲ್ಲಾ ನೂರಕ್ಕ ತಂದು ನಿಲ್ಸು. ಐವತ್ತಾದ್ರ ನೂರು, ಒಳಗಿದ್ರ ಸೊನ್ನಿ."

"ಬಾವೀನೂ ಹಂಗೇನ್ರಿ?"

"ಹಲ್ಕಟ್, ಬಾವಿ ಇದ್ದಷ್ಟು ಬರಿ!"

ಕೆಳಗೆ ಸುಣ್ಣ ಕಲಸುತ್ತಿದ್ದ ನನ್ನ ಹೆಂಡತಿ ಮೌನಮ್ಮ ತಲೆ ಎತ್ತಿದಳು. "ಹಂಗಾರ ಸಂಜಿಯೊಳಗ ನಾ ಮೂರು ಹಡೀಬೇಕೇನ್ರಿ ಸಾಹೇಬ್ರ?"

"ಬಾಯಿ ಮುಚ್ಚಲೇ ರಂಡಿ," ಎಂದು ಗಿರದಾವರ ಗೌಡರ ವಾಡೆಗೆ ಊಟಕ್ಕೆ ಹೋದ.

ನಮ್ಮ ಕೇರಿಯನ್ನು ಸೊನ್ನೆ ಮಾಡಿದೆ. ಕಬ್ಬಲಿಗರ ಓಣಿಯ ಇನ್ನೂರ ಅರವತ್ತೆಂಟು ಮುನ್ನೂರಾಯಿತು. ಕುಂಚದ ಒಂದೇ ಎಳೆತಕ್ಕೆ ಮೂವತ್ತೆರಡು ಮಂದಿ ಹುಟ್ಟಿದರು. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಮೇಲಿನ ಸಾಲು. ಓಣಿಯವರ ಜೊತೆ ತಮ್ಮನ್ನು ಎಣಿಸಬಾರದೆಂದು ಗೌಡರು ಬೇರೆಯಾಗಿ ಕೇಳಿ ಬರೆಸಿಕೊಂಡದ್ದು. ಊರ ಲೆಕ್ಕ ಬರೆಯುವ ಪಟವಾರಿಯ ಚೀಟಿಯಲ್ಲಿತ್ತು: ಗೌಡರ ವಾಡೆ, ಜನ ಹತ್ತೊಂಬತ್ತು, ಬಾವಿ ಎರಡು.

ಮೌನಮ್ಮನಿಗೆ ಓದಿ ಹೇಳಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಹುಕುಂ ಅಂದ್ರ ಹುಕುಂ. ಬರಿ ನೀ."

ಬಣ್ಣ ಆರುವ ಮೊದಲೇ ಜೀಪು ಬಂತು. ಗೌಡರು ಹಾರ ಹಿಡಿದು, ಗಿರದಾವರ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. ಕಲೆಕ್ಟರು ಮೇಲಿನಿಂದ ಓದಿದರು.

"ಗೌಡರ ವಾಡೆ. ಜನ ಸೊನ್ನೆ. ಬಾವಿ ಎರಡು." ತಿರುಗಿ ಕೇಳಿದರು, "ಯಾರೂ ಇಲ್ಲದ ಕಡೆ ಎರಡು ಬಾವಿ ಯಾಕ್ರೀ?"

ಗಿರದಾವರ ನನ್ನ ಕಡೆ ಬೆರಳು ತೋರಿಸಿದ.

"ಐವತ್ತರೊಳಗಿದ್ರ ಸೊನ್ನಿ ಅಂದಾರ್ರಿ ಇವ್ರು," ಎಂದೆ ಏಣಿಯ ಮೇಲಿಂದ.

"ನಿನ್ನ ಚರ್ಮ ಸುಲೀತೀನಿ, ಬೋಸುಡಿಕೆ!" ಗೌಡರು ಕೂಗಿದರು.

ಅಷ್ಟರಲ್ಲಿ ಮೌನಮ್ಮ ಸುಣ್ಣಕ್ಕೆ ನೀರು ತಂದಿದ್ದ ಕೊಡ ಎತ್ತಿಯಾಗಿತ್ತು. ಹಳ್ಳಕ್ಕೆ ಹೊರಟವರು ಕೊಡ ಹೊತ್ತೇ ನೋಡಲು ನೆರೆದಿದ್ದ ಕೇರಿಯ ಹೆಂಗಸರಿಗೆ ಕೂಗಿ ಹೇಳಿದಳು: "ಏ ತಿಮ್ಮವ್ವ, ಏ ಬಸ್ಸಮ್ಮ, ಬರ್ರೆವ್ವ! ವಾಡೇದಾಗ ಯಾರೂ ಇಲ್ಲಂತ. ನೀರು ಸುಮ್ಮನ ನಿಂತಾವಂತ!"

ಹನ್ನೆರಡು ಕೊಡಗಳು ವಾಡೆಯ ಬಾಗಿಲು ದಾಟಿದವು. ಗೌಡರು ಹಾರ ಬಿಸಾಡಿ ಹಿಂದೆ ಓಡಿದರು. ಕಲೆಕ್ಟರು ಗೋಡೆಯನ್ನೇ ನೋಡುತ್ತ ನಿಂತಿದ್ದರು.

ಒಳಗಿನಿಂದ ಕೊಡ ನೀರಿಗೆ ಬಿದ್ದ ಸದ್ದು ಬಂತು. ಹಿಂದೆಯೇ ಬಡಿಗೆಯ ಸದ್ದು.

ಮತ್ತೆ ಕೊಡ.