ಯಾರ ಕಣ್ಣಿಗೂ ಬೀಳದ ಗಾಡಿ

ಹೆಣ್ಣು ನೋಡಲು ಹೋಗುವವರು ನಾಲ್ಕು ಮಂದಿಯ ಕಣ್ಣಿಗೆ ಬೀಳುವ ಗಾಡಿ ಹುಡುಕುತ್ತಾರೆ. ನಾನು ಬೀಳದ್ದನ್ನು ಹುಡುಕುವವನು. ಬೆಟಗೇರಿಯ ನೂಲಿನ ಅಂಗಡಿಯೊಂದರ ಮೇಲೆ ನನ್ನ ಆಫೀಸು. ಬೋರ್ಡಿನ ಮೇಲೆ 'ಕೊಟ್ರಪ್ಪ, ಖಾಸಗಿ ವಿಚಾರಣೆ' ಎಂದಷ್ಟೇ ಬರೆಸಿದ್ದೇನೆ. ವರನ ಚಟ, ವಧುವಿನ ಮನೆತನ, ಓಡಿಹೋದವರ ಊರು, ಇವನ್ನು ಪತ್ತೆ ಮಾಡಿ ಹೇಳುವುದರಲ್ಲಿ ಹನ್ನೊಂದು ವರ್ಷ ಕಳೆದಿದ್ದೇನೆ. ಈ ಕೆಲಸದಲ್ಲಿ ಗಾಡಿ ತಪ್ಪಿದರೆ ಎಲ್ಲ ತಪ್ಪಿದಂತೆ ಎಂದು ಕಂಡಕಂಡವರಿಗೆ ಉಪದೇಶ ಮಾಡುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡಿದ್ದೇನೆ.

ಉಪದೇಶಕ್ಕೆ ಆಧಾರವೇನೋ ಇತ್ತು. ಒಮ್ಮೆ ಬಿಳಿ ಕಾರು ಬಾಡಿಗೆ ಮಾಡಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿ ಒಂದು ಓಣಿಯಲ್ಲಿ ನಿಂತಿದ್ದೆ. ಎರಡು ತಾಸೂ ಆಗಿರಲಿಲ್ಲ, ಎದುರುಮನೆಯ ಗದಿಗೆವ್ವ ಎಂಬ ಮುದುಕಿ ಬಂದು, "ಹೆಣ್ಣು ನೋಡಾಕ ಬಂದೀರೇನ್ರಿ? ಬಿಸಲಾಗ ಯಾಕ ಕುಂತೀರಿ, ಒಳಗ ಬರ್ರಿ" ಎಂದು ಕರೆದೊಯ್ದು, ಒಗ್ಗರಣೆ ಮಂಡಕ್ಕಿ ತಿನ್ನಿಸಿ, ನನ್ನ ಮನೆದೇವರು, ಕುಲದ ಬೆಡಗು, ಹೊಲ ಎಲ್ಲ ಕೇಳಿಕೊಂಡಳು. ವಿಚಾರಣೆಗೆ ಹೋದವನು ನನ್ನದೇ ವಿಚಾರಣೆ ಮುಗಿಸಿಕೊಂಡು ಬಂದೆ. ಶಿರಹಟ್ಟಿಗೆ ಬೈಕಿನಲ್ಲಿ ಹೋದರೆ, "ಯಾರ ಪೈಕಿ ನೀವು?" ಎಂದು ಕಟ್ಟೆಯ ಮೇಲಿನವರು ಎದ್ದೇ ಬಂದರು. ಹೊಳೆದಂಡೆಯ ಊರುಗಳಿಗೆ ಜೀಪು ಒಯ್ದರಂತೂ ಮುಗಿಯಿತು. ಕಳ್ಳ ಉಸುಕು ಹಿಡಿಯುವ ಸಾಹೇಬರು ಬಂದರು ಎಂದು ಊರಿಗೂರೇ ಫೋನು ಹಚ್ಚುತ್ತದೆ.

ಇದನ್ನೆಲ್ಲ ನಾನು ಮಲ್ಲುವಿಗೂ ಹೇಳಿದ್ದೆ. ಮಲ್ಲು ಕಳಸಾಪುರದವನು, ದೊಡ್ಡ ಹೊಲಮನೆಯ ಮಗ. ಕಳೆದ ತಿಂಗಳು ಬಂದು ನನ್ನೆದುರು ಕೂತ.

"ನಮ್ಮ ತಂಗಿ ಸುನಿತಾ ಎಂಟು ತಿಂಗಳ ಹಿಂದ ಫಕೀರೇಶ ಅನ್ನಾಂವನ ಜೋಡಿ ಹೋದಳ್ರಿ. ಅಂವಾ ನಮ್ಮ ಜಾತಿಯಂವ ಅಲ್ಲ. ಹೋಗ್ಲಿ, ಆಗಿದ್ದಾತು. ನಾಕು ತಿಂಗಳ ಹಿಂದ ಅಪ್ಪ ತೀರಿಕೊಂಡ. ಆಕಿಗೆ ಖಬರ ಇಲ್ಲ. ಎಲ್ಲದಾಳಂತ ಗೊತ್ತಾದರ ಒಂದು ಮಾತು ಹೇಳಿ ಬರತೀನಿ."

ಅಪ್ಪ ಎನ್ನುವಾಗ ಅವನ ಕಣ್ಣು ತುಂಬಿತ್ತು. ನಾಟಕದ ಕಣ್ಣೀರು ನಾನು ಬೇಕಾದಷ್ಟು ಕಂಡಿದ್ದೇನೆ, ಅದು ನಾಟಕವಲ್ಲ. ಅಲ್ಲಿಯೇ ನಾನು ಕೆಟ್ಟೆ.

ಹುಡುಗ ನೀರಿನ ಪಂಪು ರಿಪೇರಿ ಮಾಡುವವನು. ಮುಂಡರಗಿಯ ಬಿಡಿಭಾಗದ ಅಂಗಡಿಗಳಲ್ಲಿ ವಾರ ಅಡ್ಡಾಡಿದ ಮೇಲೆ, ಅವನು ತಂತಿ ಕೊಂಡು ಕೊರ್ಲಹಳ್ಳಿಯ ಕಡೆ ಹೋಗುತ್ತಾನೆಂದು ತಿಳಿಯಿತು. ಯಾವ ಮನೆ ಎಂಬುದು ಮಾತ್ರ ಉಳಿದಿತ್ತು. ಮನೆ ಖಚಿತವಾಗುವ ತನಕ ಊರಿನ ಹೆಸರನ್ನೂ ಗಿರಾಕಿಗೆ ಹೇಳುವುದಿಲ್ಲ, ಅದು ನನ್ನ ನೇಮ. ಒಂದು ಊರಿನಲ್ಲಿ ದಿನವಿಡೀ ನಿಲ್ಲುವ ಗಾಡಿ ಬೇಕು ಎಂದೆ.

"ನಮ್ಮ ಅಪ್ಪನ ಛೋಟಾ ಹಾತಿ ಸುಮ್ನ ನಿಂತೈತ್ರಿ" ಎಂದ ಮಲ್ಲು. "ಉಳ್ಳಾಗಡ್ಡಿ ಹೇರಿಕೊಂಡು ಹೋಗ್ರಿ. ಯಾರು ಕೇಳತಾರ?"

ಗಾಡಿ ನೋಡಿ ನನಗೆ ಸಂತೋಷವೇ ಆಯಿತು. ಸರಕು ಸಾಗಿಸುವ ಹಳೆಯ ಗಾಡಿ, ಧೂಳಿನ ಬಣ್ಣ, ಒಂದು ಕಡೆ ತಗ್ಗುಬಿದ್ದ ತಗಡು. ದೃಷ್ಟಿಯಾಗದಿರಲೆಂದು ಹಿಂದೆ ಕರಿದಾರದಲ್ಲಿ ಒಂದು ಹಳೆಯ ಚಪ್ಪಲಿಯೂ ನೇತಾಡುತ್ತಿತ್ತು. ಹಿಂದೆ ಚಪ್ಪಲಿ ಇಲ್ಲದ ಗಾಡಿ ನಮ್ಮ ಕಡೆ ಸರಕಾರದ್ದು ಮಾತ್ರ. ಆ ಚಪ್ಪಲಿ ಕೆಂಪಗಿತ್ತು, ಗೇಣಿಗಿಂತ ಸಣ್ಣದಿತ್ತು. ಕಂಡೆ. ಕಂಡು, ಇದು ಪಕ್ಕಾ ನಮ್ಮ ಕಡೆಯ ಗಾಡಿ ಎಂದು ತಲೆಯಾಡಿಸಿದೆ, ಅಷ್ಟೇ.

ಮಲ್ಲು ಎರಡು ಮಾತು ಹೇಳಿ ಕೀಲಿ ಕೊಟ್ಟ. "ಗಾಡಿ ಬೆನ್ನು ಓಣಿ ಕಡೆ ಮಾಡಿ ನಿಲ್ಲಸ್ರಿ. ಮತ್ತ ಆ ಚಪ್ಪಲಿ ಬಿಚ್ಚಬ್ಯಾಡ್ರಿ, ಅಪ್ಪ ಕಟ್ಟಿದ್ದು." ಮೀನಿಗೆ ಈಜು ಕಲಿಸಲು ಬಂದನಲ್ಲ ಇವನು ಎಂದು ಸಿಟ್ಟು ಬಂತು. ಆದರೂ ಮಾಲು ಮಾರುವವರು ಹಾಗೆಯೇ ನಿಲ್ಲಿಸುವುದು, ತಪ್ಪೇನಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೊರ್ಲಹಳ್ಳಿಯ ಬೇವಿನ ಗಿಡದ ಕೆಳಗೆ ನಿಂತೆ. ಮಧ್ಯಾಹ್ನದ ತನಕ ಉಳ್ಳಾಗಡ್ಡಿ ಚೌಕಾಸಿ ಮಾಡಿದವರೆಷ್ಟೋ, ನನ್ನ ಮುಖ ನೋಡಿದವರೊಬ್ಬರೂ ಇಲ್ಲ. ಎಂಥ ಗಾಡಿ ಆರಿಸಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಬಿಸಿಲು ಏರಿ ಓಣಿ ಖಾಲಿಯಾದಾಗ ಕ್ಯಾಬಿನ್ನಿನಲ್ಲಿ ಕೂತು, ತಲೆಯ ಮೇಲೆ ಟವೆಲ್ ಹಾಕಿಕೊಂಡು ಕಣ್ಣು ಮುಚ್ಚಿದೆ.

"ಅಪ್ಪಾ, ಸಿಟ್ಟು ಇಳೀತೇನು?"

ಕಿಟಕಿಯ ಹತ್ತಿರ ಹುಡುಗಿಯೊಬ್ಬಳು ಮಜ್ಜಿಗೆಯ ಚಂಬು ಹಿಡಿದು ನಿಂತಿದ್ದಳು. ಓಡಿ ಬಂದಿದ್ದಳೆಂದು ಕಾಣುತ್ತದೆ, ಮಜ್ಜಿಗೆ ಅರ್ಧ ಸೀರೆಯ ಮೇಲಿತ್ತು. ಟವೆಲ್ ಸರಿಸಿದೆ. ನನ್ನ ಮುಖ ಕಂಡು ಅವಳ ನಗು ಹಾಗೆಯೇ ನಿಂತಿತು. ಮಲ್ಲು ಕೊಟ್ಟ ಫೋಟೋದಲ್ಲಿದ್ದ ಸುನಿತಾ ಅವಳೇ.

"ಅಪ್ಪ ಎಲ್ರಿ?" ಎಂದಳು. "ಹಿಂದಿನ ಚಪ್ಪಲಿ ನಂದು. ಮೊದಲನೆ ಸಲ ಶಾಲಿಗೆ ಹೋದಾಗಿಂದು. ಒಂದು ಕಳಕೊಂಡು ಬಂದೆ ಅಂತ, ಉಳದಿದ್ದ ಇನ್ನೊಂದನ್ನ ಅಪ್ಪ ಗಾಡಿಗೆ ಕಟ್ಟಿದ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮಲ್ಲು.

"ನಾಕು ತಾಸಿಗಿಂತ ಹೆಚ್ಚಾತು ಒಂದಽ ಕಡೆ ನಿಂತೀರಲ್ರಿ. ಕೊರ್ಲಹಳ್ಳಿಯಾಗ ಅದಾಳೇನು? ಆಕಿ ಬಂದ್ರ ಮಾತಾಡಿಸಿ ಕುಂಡ್ರಿಸ್ರಿ. ನಾವು ನಾಕು ಮಂದಿ ಹೊಂಟೀವಿ, ಮುಂಡರಗಿ ಬಂತು."

ಊರಿನ ಹೆಸರು ನಾನು ಹೇಳಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸಿದೆ. ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಜಿಪಿಎಸ್ ಒಂದು ಮಿಣಮಿಣ ಎನ್ನುತ್ತಿತ್ತು. ಅದನ್ನು ಕಿತ್ತು ಹೊಳೆಗೆ ಎಸೆದರೂ ಇನ್ನು ಉಪಯೋಗವಿಲ್ಲ. ಯಾರ ಕಣ್ಣಿಗೂ ಬೀಳದ ಗಾಡಿ ತಂದೆನೆಂದು ತಿಳಿದಿದ್ದೆ. ಮಲ್ಲು ಅದನ್ನು ಕೊಟ್ಟದ್ದು ಒಬ್ಬಳೇ ಒಬ್ಬಳ ಕಣ್ಣಿಗೆ ಬೀಳಲೆಂದು. ನನ್ನ ಹನ್ನೊಂದು ವರ್ಷದ ಶಾಣ್ಯಾತನಕ್ಕೆ ಬೆಂಕಿ ಬಿತ್ತು.

"ನಿಮ್ಮಣ್ಣ ಬರಾಕತ್ಯಾನ. ಗಂಡನ್ನ ಕರಕೊಂಡು ಹೊಳಿ ದಾಟಿ ಹೋಗು. ಜಲ್ದಿ" ಎಂದೆ.

ಅವಳು ಅಲುಗಲಿಲ್ಲ. "ಬರಲಿ ಬಿಡ್ರಿ. ಅವತ್ತು ಮಲ್ಲಣ್ಣ ಕೊಡ್ಲಿ ಹಿಡದು ಬಂದಾಗ ಅಪ್ಪ ಸಿಟ್ಟಾಗಿದ್ರೂ ಬಾಗಲಕ್ಕ ಅಡ್ಡ ನಿಂತು ನನ್ನ ಕಳಿಸಿಕೊಟ್ಟ. ಈ ಗಾಡಿ ಅಪ್ಪ ಯಾರ ಕೈಗೂ ಕೊಡಾಂವಲ್ಲ. ಕೊಟ್ಟಾನಂದ್ರ ಅಣ್ಣಗ ಬುದ್ಧಿ ಹೇಳೇ ಕೊಟ್ಟಾನ."

"ಹಂಗಲ್ಲವ್ವಾ."

"ಅಪ್ಪ ಇರೂತನಾ ನನಗೇನೂ ಆಗೂದಿಲ್ರಿ" ಎಂದು ಚಂಬನ್ನು ನನ್ನ ಕಡೆ ಚಾಚಿದಳು. "ನೀವು ಕುಡೀರಿ, ಬಿಸಲಾಗ ಕುಂತೀರಿ."

ಮುಂಡರಗಿಯಿಂದ ಅಲ್ಲಿಗೆ ಕಾರಿಗೆ ಬಹಳ ಹೊತ್ತು ಬೇಡ. ಸಾವಿನ ಸುದ್ದಿ ಹೇಳುವುದಕ್ಕೆ ನಮ್ಮಲ್ಲಿ ಒಂದು ರೀತಿಯಿದೆ. ಮೊದಲು ಕೂರಿಸುತ್ತಾರೆ, ನೀರು ಕೊಡುತ್ತಾರೆ, ಆರಾಮಿಲ್ಲ ಎನ್ನುತ್ತಾರೆ, ನಾಲ್ಕು ಹೆಂಗಸರನ್ನು ಹತ್ತಿರ ನಿಲ್ಲಿಸಿಕೊಂಡು ಆಮೇಲೆ ಹೇಳುತ್ತಾರೆ. ನನಗೆ ಅಷ್ಟು ಪುರುಸೊತ್ತಿರಲಿಲ್ಲ.

"ಅಪ್ಪ ಇಲ್ಲವ್ವಾ. ತೀರಿಕೊಂಡು ನಾಕು ತಿಂಗಳಾತು. ಗಾಡಿ ಕೊಟ್ಟಾಂವ ಮಲ್ಲು."

ಚಂಬು ಕೆಳಗೆ ಬೀಳಲಿಲ್ಲ. ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡಿದಳು, ನಾನು ಸುಳ್ಳೆಂದು ಹೇಳಲಿ ಎಂದು ಕಾಯುವವಳ ಹಾಗೆ. ಅಯ್ಯೋ ಶಿವನೇ, ಆ ನೋಟ ನನ್ನ ವೈರಿಗೂ ಬೇಡ. ಆಮೇಲೆ ಚಂಬನ್ನು ಗಾಡಿಯ ಮೇಲಿಟ್ಟು ಹಿಂದಕ್ಕೆ ಹೋದಳು. ಕನ್ನಡಿಯಲ್ಲಿ ಅವಳ ಸೆರಗಷ್ಟೇ ಕಂಡಿತು, ಆಮೇಲೆ ಓಣಿಯೊಳಕ್ಕೆ ಓಡಿದಳು. ಎರಡು ನಿಮಿಷಕ್ಕೆ ಫಕೀರೇಶನ ಬೈಕು ಓಣಿಯಿಂದ ಹೊರಬಿತ್ತು. ಅವಳು ಹಿಂದೆ ಕೂತು, ಮುಷ್ಟಿಯನ್ನು ಎದೆಗೆ ಒತ್ತಿಕೊಂಡಿದ್ದಳು. ಹೊಳೆಯ ಸೇತುವೆಯ ಕಡೆ ಹೋದರು.

ನಾನು ಗಾಡಿಯನ್ನು ಮುಂಡರಗಿಯ ಕಡೆ ಓಡಿಸಿದೆ. ದಾರಿಯಲ್ಲೊಂದು ಹಳ್ಳದ ಸೇತುವೆ, ರಿಪೇರಿ ನಡೆದು ಒಂದೇ ಗಾಡಿ ಹಾಯುವಷ್ಟು ಜಾಗ. ಅಲ್ಲಿ ಅಡ್ಡಡ್ಡ ನಿಲ್ಲಿಸಿ, ಗೇರಿನಲ್ಲಿಟ್ಟು, ಬಾಗಿಲಿಗೆ ಕೀಲಿ ಹಾಕಿ, ಆ ಕೀಲಿಯನ್ನು ಹಳ್ಳಕ್ಕೆ ಒಗೆದೆ. ದೂಡಿ ಸರಿಸಲು ಅರ್ಧ ತಾಸಾದರೂ ಬೇಕು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಎಲ್ಲರಿಗೂ ಕಾಣುವ ಹಾಗೆ ಗಾಡಿ ನಿಲ್ಲಿಸಿದ್ದೆ. ಎರಡೂ ಕಡೆ ಟ್ರ್ಯಾಕ್ಟರುಗಳು ನಿಂತು ಬೈಯತೊಡಗಿದವು.

ಮಲ್ಲುವಿನ ಕಾರು ಬಂದು ನಿಂತಿತು. ಅವನ ಜೊತೆಗಿದ್ದ ಮೂವರು ಇಳಿದು ನನ್ನ ಕೊರಳಪಟ್ಟಿಗೆ ಕೈಹಾಕಿದರು, ಕೀಲಿ ಎಲ್ಲಿ ಎಂದರು. ಅದರಲ್ಲೊಬ್ಬ ಕೆನ್ನೆಗೂ ಕೊಟ್ಟ. ಕೊಡಲಿ, ನನಗೆ ಸಲ್ಲಬೇಕಾದದ್ದೇ. ಮಲ್ಲು ಮಾತ್ರ ನನ್ನ ಹತ್ತಿರ ಬರದೆ ನೇರ ಗಾಡಿಯ ಹಿಂದೆ ಹೋದ. ಅಲ್ಲಿ ಕರಿದಾರದ ತುಂಡಷ್ಟೇ ಜೋತುಬಿದ್ದಿತ್ತು.

"ಚಪ್ಪಲಿ ಎಲ್ಲೆ?" ಎಂದ.

"ಯಾರದಿತ್ತೋ ಅವರು ಒಯ್ದರು."

ಅವನು ಆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ. ಹಿಂದಿನವರು ಗಾಡಿ ದೂಡಲು ಕೂಗುತ್ತಿದ್ದರೂ ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

"ಅಪ್ಪ ತೀರಿದ್ದು ಹೇಳಿದ್ರೇನು?"

"ಹೇಳಿದೆ."

ಆಮೇಲೆ ತನ್ನ ಮಂದಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ ಕೇಳಿದ, "ಅತ್ತಳೇನ್ರಿ?"

ನನ್ನ ಮೈಯೆಲ್ಲ ಉರಿದುಹೋಯಿತು.

"ಅಳಾಕ ನೀ ಎಲ್ಲೆ ಹೊತ್ತು ಕೊಟ್ಟೆಪಾ ಆಕಿಗೆ" ಎಂದೆ.