ಸೊಳ್ಳೆಯ ಹೊಟ್ಟೆಯ ಜಂತು

ಅಕ್ಕಲಕೋಟದ ಇತಿಹಾಸ ಬರೆಯುವವರು ಯಾರಾದರೂ ಇದ್ದರೆ ೧೯೯೮ರ ಶ್ರಾವಣದ ಒಂದು ಶುಕ್ರವಾರವನ್ನು ಬಿಡಬಾರದು. ಅಂದು ಗೋದೂಬಾಯಿ ಹಿತ್ತಲಿನ ಹೌದವನ್ನು, ಅಂದರೆ ನೀರಿನ ತೊಟ್ಟಿಯನ್ನು, ತಿಕ್ಕಿಸಲಿಲ್ಲ. ಪ್ರತಿ ಶುಕ್ರವಾರ, ಅಕ್ಕಲಕೋಟ ಸಂಸ್ಥಾನ ಭಾರತದಲ್ಲಿ ವಿಲೀನವಾದ ವಾರವೂ ತಪ್ಪದೆ ತಿಕ್ಕಿಸಿಕೊಂಡ ಹೌದ ಅದು.

ತಡೆದವಳು ಮೊಮ್ಮಗಳು ವರದಾ. ಸೋಲಾಪುರದಲ್ಲಿ ಮರಾಠಿ ಸಾಲೆ ಕಲಿತವಳು, ಈಗ ಪುಣೆಯ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸೊಳ್ಳೆಯ ಕರುಳಿನ ಬ್ಯಾಕ್ಟೀರಿಯಾ ಡೆಂಗ್ಯೂ ವೈರಸ್ಸಿಗೆ ದಾರಿ ಬಿಡುತ್ತವೋ ಅಡ್ಡ ನಿಲ್ಲುತ್ತವೋ ಎಂಬುದು ಅವಳ ಪ್ರಶ್ನೆ. ಪ್ರಯೋಗಶಾಲೆಯ ಸೊಳ್ಳೆಗಳು ತಲೆಮಾರುಗಳಿಂದ ಶುಚಿಯಾದ ತಟ್ಟೆಯಲ್ಲಿ ಹುಟ್ಟಿ ಬೆಳೆದ ಮರ್ಯಾದಸ್ಥರು. ಅವಳಿಗೆ ಬೇಕಾದದ್ದು ಊರ ನೀರು ಕುಡಿದವು. ದೀಪಾವಳಿಯೊಳಗೆ ಏನಾದರೂ ತೋರಿಸದಿದ್ದರೆ ಈ ಸಂಶೋಧನೆಯ ವಿಷಯ ಪರಾಗನಿಗೆ ಹೋಗುತ್ತದೆ ಎಂದು ಮಾರ್ಗದರ್ಶಕರು ಹೇಳಿಯಾಗಿತ್ತು. ಸಹಪಾಠಿ ಪರಾಗ ಆಗಲೇ ಅವಳ ಮೇಜನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಹೌದದಲ್ಲಿ ಸೊಳ್ಳೆಮರಿಗಳು ಇನ್ನೂ ಸಣ್ಣವಿದ್ದವು. ವರದಾ ಮೇಲೆ ಪರದೆ ಕಟ್ಟಿದಳು.

"ಮಂದಿ ತಮಗ ಪರದೆ ಕಟ್ಕೋತಾರ್ರಿ, ನಿಮ್ಮ ಮೊಮ್ಮಗಳು ಸೊಳ್ಳಿಗೆ ಕಟ್ಯಾಳ," ಎಂದು ಪಕ್ಕದ ಮನೆಯ ಇಂದುಬಾಯಿ ಗೋಡೆಯಾಚೆಯಿಂದ ಹೇಳಿದರು.

"ಹೌದಾ ಕೂಸ, ಸೊಳ್ಳಿ ಸಾಕಿ ಏನ್ ಮಾಡ್ತಿ?" ಗೋದೂಬಾಯಿ ಕೇಳಿದರು. "ಹಾಲು ಕರೀತಾವೇನು?"

"ನನಗ ಬೇಕಾಗಿದ್ದು ಸೊಳ್ಳಿ ಅಲ್ಲ ಆಜಿ. ಅದರ ಹೊಟ್ಟ್ಯಾಗಿನ ಜಂತು. ಅವು ಇದ್ರ ರೋಗ ಒಂದು ಥರಾ ಹಬ್ಬತದೇನೋ, ಇಲ್ಲದಿದ್ರ ಇನ್ನೊಂದು ಥರಾ. ಅದನ್ನ ನೋಡಾಕತ್ತೀನಿ. ಎಂಟು ದಿನ ಮುಟ್ಟಬ್ಯಾಡ."

ಗೋದೂಬಾಯಿಯ ಮುಖದಲ್ಲಿ ಸಿಟ್ಟು ಹೋಗಿ ಕರುಣೆ ಬಂತು. ವರದಾ ಅದನ್ನು ಒಪ್ಪಿಗೆ ಎಂದುಕೊಂಡು, ಮರಿಗಳನ್ನು ಒಯ್ಯಲು ಬಾಟಲಿ ತರಲೆಂದು ಪುಣೆಯ ಬಸ್ಸು ಹತ್ತಿದಳು. ಅವಳ ಮರಾಠಿಯಲ್ಲಿ ಜಂತು ಎಂದರೆ ಕಣ್ಣಿಗೆ ಕಾಣದ ರೋಗಾಣು. ಆಜಿಯ ಕನ್ನಡದಲ್ಲಿ ಜಂತು ಎಂದರೆ ಬೆಲ್ಲ ತಿಂದ ಮಕ್ಕಳ ಹೊಟ್ಟೆಯ ಹುಳ.

ಬಾಟಲಿಗಳೊಂದಿಗೆ ಮರಳಿದಾಗ ಹೌದದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು.

"ಏನ್ ಹಾಕಿದಿ ಆಜಿ?"

"ವಾವಡಿಂಗದ ಕಷಾಯ, ಜಂತಿನ ಔಷಧ. ನಿಮ್ಮಪ್ಪಗ ಸಣ್ಣವಿದ್ದಾಗ ಅದನ್ನs ಕುಡಿಸಿದ್ದೆ, ಒಂದ ದಿನದಾಗ ಎಲ್ಲಾ ಬಿದ್ದುವು. ಪಾಪ, ಎಷ್ಟು ಸಣ್ಣ ಹೊಟ್ಟಿ ಅವುಕ್ಕ."

"ಎಷ್ಟು ಹಾಕಿದಿ?"

"ಕೈ ಅಳತಿ. ಸೊಳ್ಳಿ ಅಂತ ಕಡಿಮಿನs ಹಾಕೀನಿ."

ವರದಾ ಹೌದದ ಕಟ್ಟೆಯ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ನೋಡಿದಳು: ಮರಿಗಳು ಸತ್ತಿರಲಿಲ್ಲ, ಕಂದು ನೀರಿನಲ್ಲಿ ಡೊಂಕುಡೊಂಕಾಗಿ ಕುಣಿಯುತ್ತಿದ್ದವು. ಇಂದುಬಾಯಿಯ ಹಿತ್ತಲ ಡ್ರಮ್ಮಿನಲ್ಲೂ ಮರಿಗಳಿದ್ದವು. ಅದೇ ನಳದ ನೀರು, ಆದರೆ ಔಷಧಿಯಿಲ್ಲ. ಮೂಗೊರೆಸಿಕೊಂಡು ಎರಡೂ ಕಡೆಯಿಂದ ಬಾಟಲಿ ತುಂಬಿಕೊಂಡಳು.

"ನಮ್ಮವಕ್ಕೂ ಒಂದೀಟು ಕಷಾಯ ಹಾಕಿಸ್ರಿ," ಎಂದರು ಇಂದುಬಾಯಿ. "ಅವೇನು ಪಾಪ ಮಾಡ್ಯಾವ?"

"ಬ್ಯಾಡ್ರಿ ಮಾವಶಿ, ಕೈ ಮುಗೀತೀನಿ," ಎಂದಳು ವರದಾ.

ಪುಣೆಯಲ್ಲಿ ಎರಡೂ ಗುಂಪು ರೆಕ್ಕೆ ಮೂಡಿಸಿಕೊಂಡವು. ಡ್ರಮ್ಮಿನ ಸೊಳ್ಳೆಗಳ ಕರುಳನ್ನು ಅರೆದು ಹಚ್ಚಿದ ಗಾಜಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಚುಕ್ಕೆಗಳೆದ್ದವು. ಹೌದದವುಗಳ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು. ವೈರಸ್ ಬೆರೆಸಿದ ರಕ್ತ ಕುಡಿಸಿದಾಗ ಹೌದದ ಸೊಳ್ಳೆಗಳಲ್ಲಿ ಕೆಲವಕ್ಕಷ್ಟೇ ವೈರಸ್ ತಗುಲಿತು, ಡ್ರಮ್ಮಿನವುಗಳಲ್ಲಿ ಬಹಳಕ್ಕೆ.

ಮಾರ್ಗದರ್ಶಕರು ತಟ್ಟೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಔಷಧಿಯ ಪ್ರಮಾಣ ಕೇಳಿದರು. ಕೈ ಅಳತೆ ಎಂದಳು ವರದಾ. ಯಾರ ಕೈ ಎಂದರು. ಹೇಳಿದಳು. ಇದು ಪ್ರಯೋಗವಲ್ಲ, ಆದರೆ ಪ್ರಯೋಗ ಮಾಡಲು ಕಾರಣ ಎಂದರು ಅವರು. ಡ್ರಮ್ಮಿನ ಸೊಳ್ಳೆಗಳಲ್ಲಿ ಅರ್ಧಕ್ಕೆ ಮಾತ್ರ ಅಳೆದ ಆಂಟಿಬಯಾಟಿಕ್ ಕೊಟ್ಟು ಮತ್ತೆ ಮಾಡಿಸಿದರು. ವ್ಯತ್ಯಾಸ ಮತ್ತೆ ಕಂಡಿತು: ಬ್ಯಾಕ್ಟೀರಿಯಾ ಸತ್ತ ಕರುಳಿಗೆ ವೈರಸ್ ಕಡಿಮೆ ತಗುಲಿತು, ಅಂದರೆ ಅವು ದಾರಿ ಬಿಡುತ್ತಿದ್ದವು.

ವಿಷಯ ವರದಾಳಿಗೇ ಉಳಿಯಿತು.