ಆನೆ ಲ್ಯಾಪ್‌ಟಾಪಿನ ಸೆಲ್ಲು

ಕುಶಾಲನಗರದ ರಿಪೇರಿ ಅಂಗಡಿಯಲ್ಲಿ, ಅನುಶ್ರೀಯ ಮೇಜಿನ ಮೇಲೆ ವಸಂತ ಲ್ಯಾಪ್‌ಟಾಪನ್ನು ದೊಪ್ಪನೆ ಇಟ್ಟ.

"ಮೆತ್ತಗೆ ಅಣ್ಣಾ!"

"ಇದಕ್ಕೇನೂ ಆಗಲ್ಲಮ್ಮ. ಜೀಪಿಂದ ಬಿದ್ದೈತೆ, ಮಳೇಲಿ ನೆಂದೈತೆ. ಒಳಗಿನ ಟೈಮಿನ ಸೆಲ್ಲು ಮಾತ್ರ ಸತ್ತೋಗೈತೆ."

ಪಾಲಿಬೆಟ್ಟದ ತೋಟಗಳಿಗೆ ಆನೆ ಬಂದರೆ ಕೂಲಿಗಳ ಲೈನ್ ಮನೆಯವರ ಫೋನಿಗೆಲ್ಲ ಎಚ್ಚರಿಕೆ ಕಳಿಸುವ ಯಂತ್ರ ಅದು. ಬ್ಯಾಟರಿ ತೆಗೆದು ಬರೀ ಪ್ಲಗ್ ಮೇಲೆ ಓಡಿಸುತ್ತಿದ್ದರಿಂದ, ಕರೆಂಟ್ ಹೋಗಿ ಬಂದರೆ ಸಾಕು, ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತಿತ್ತು. ತಾರೀಖು ತಪ್ಪಿದರೆ ಮೆಸೇಜ್ ಹೊರಡುತ್ತಿರಲಿಲ್ಲ. ಸೆಲ್ ಹಾಕಿಸಿ ಎಂದು ಅರಣ್ಯ ಇಲಾಖೆಯಲ್ಲಿ ದಿನಗೂಲಿಯ ವಸಂತ ತನ್ನ ಮೇಲಿನ ಮಂಜುನಾಥ ಸಾಹೇಬರಿಗೆ ಹೇಳಿ ಹೇಳಿ ಸೋತಿದ್ದ. "ನೀನಿದ್ದೀಯಲ್ಲೋ, ಸೆಲ್ ಯಾಕೆ?" ಎಂದು ಅವರು ನಕ್ಕಿದ್ದರು. ಅವನೂ ಬೀಗಿದ್ದ. ದಿನಾ ಎಲ್ಲರಿಗಿಂತ ಮೊದಲು ಬಂದು, ಕೈಗಡಿಯಾರ ನೋಡಿ ಟೈಮ್ ಸರಿಮಾಡಿ, ಆಮೇಲೇ ಟೀ ಕುಡಿಯುತ್ತಿದ್ದ. ಸೆಲ್ ಸತ್ತಿದೆ ಎನ್ನುವುದೇ ಎಲ್ಲರಿಗೂ ಮರೆತುಹೋಯಿತು.

ಕಳೆದ ವಾರ ಅವನನ್ನು ಆನೆ ಓಡಿಸುವ ತಂಡದ ಜೊತೆ ಕಳಿಸಿ, ಲ್ಯಾಪ್‌ಟಾಪನ್ನು ಸಾಹೇಬರೇ ತೆರೆದರು. ಟೈಮ್ ನೋಡಲಿಲ್ಲ. ಮೆಸೇಜ್ ಹೋಗಲಿಲ್ಲ. ಕಾಫಿ ಪಿಕ್ಕಿಂಗ್‌ಗೆ ಹೊರಟಿದ್ದ ಕೂಲಿ ಹೆಂಗಸು ಮುತ್ತಿ, ತೋಟದ ತಿರುವಿನಲ್ಲಿ ಆನೆಗೆ ಎದುರಾಗಿ ಸಿಕ್ಕಳು, ಉಳಿಯಲಿಲ್ಲ.

ಈಗ ತಪ್ಪೆಲ್ಲ ವಸಂತನದಂತೆ. ಸೋಮವಾರ ವಿಚಾರಣೆ. "ಅದಕ್ಕೆ ಮುಂಚೆ ಸೆಲ್ ಹಾಕಿಸ್ಕೊಂಡು ಬಾ. ಆಮೇಲೆ ವಿಚಾರಣೆ ಮುಗಿಯೋ ತನಕ ಆಫೀಸ್ ಕಡೆ ತಲೆ ಹಾಕ್ಬೇಡ" ಎಂದಿದ್ದರು ಸಾಹೇಬರು.

ಅನುಶ್ರೀ ಸ್ಕ್ರೂ ಬಿಚ್ಚಿ, ವೈರಿನ ಬಾಲವಿದ್ದ ಪುಟ್ಟ ಸೆಲ್ಲನ್ನು ಕಿತ್ತಳು. ಇಷ್ಟೂ ಕಥೆ ಕೇಳಿದ್ದವಳು ಹೊಸದನ್ನು ಕೈಯಲ್ಲೇ ಹಿಡಿದು ನಿಂತಳು.

"ಅಣ್ಣಾ, ಇದನ್ನ ಹಾಕಿದ್ರೆ ಟೈಮ್ ಇನ್ನು ತಪ್ಪಲ್ಲ. ತಪ್ತಿತ್ತು ಅಂದ್ರೆ ಯಾರು ನಂಬ್ತಾರೆ? ಹಳೇದನ್ನೇ ಹಾಕ್ಕೊಡ್ತೀನಿ. ಸೋಮವಾರ ಕರೆಂಟ್ ತೆಗ್ದು ಎಲ್ರಿಗೂ ತೋರ್ಸಿ."

ವಸಂತ ಹಳೆಯ ಸೆಲ್ಲನ್ನು ಅಂಗೈಯಲ್ಲಿ ಹೊರಳಿಸಿದ. ಅವನ ಕೆಲಸ ಉಳಿಯುವುದಿದ್ದರೆ ಇದೊಂದರಿಂದಲೇ. ಆದರೆ ಅಲ್ಲಿಯವರೆಗೆ ಬೆಳಿಗ್ಗೆ ಟೈಮ್ ಸರಿಮಾಡುವವರು ಯಾರು? ಹೇಳಿದರೆ ಮಾಡುವವರಾಗಿದ್ದರೆ ಮುತ್ತಿ ಬದುಕಿರುತ್ತಿದ್ದಳು.

"ಆನೆ ಇನ್ನೂ ಅಲ್ಲೇ ಐತೆ ಕಣಮ್ಮ. ನಾಳೆ ಪಿಕ್ಕಿಂಗೂ ಐತೆ. ಹೊಸದನ್ನೇ ಹಾಕ್ಬಿಡು."

ಸಂಜೆ ಆಫೀಸಿನಲ್ಲಿ ಸಾಹೇಬರು ಎಲ್ಲರೆದುರು ಪ್ಲಗ್ ಕಿತ್ತು ಮತ್ತೆ ಹಾಕಿದರು. ತಾರೀಖು ಅಲ್ಲಾಡಲಿಲ್ಲ.

"ಟೈಮ್ ತಪ್ತದೆ, ತಪ್ತದೆ ಅಂತ ಬಾಯಿ ಬಡ್ಕೋತಿದ್ಯಲ್ಲೋ. ಎಲ್ಲಿ ತಪ್ಪೈತೆ, ತೋರ್ಸು?"

ವಸಂತನ ಕಣ್ಣು ತಾನಾಗಿಯೇ ಕೈಗಡಿಯಾರಕ್ಕೆ ಹೋಯಿತು. ಅದೂ ಲ್ಯಾಪ್‌ಟಾಪೂ ಒಂದೇ ಟೈಮ್ ಹೇಳುತ್ತಿದ್ದವು.